ಬಿಟಿ ಹತ್ತಿ ಮತ್ತು ಸಣ್ಣ ರೈತರ ಆದಾಯ

ಬಿಟಿ ಹತ್ತಿ: ಮಣ್ಣಿನ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿ, ಕಾಯಿಕೊರಕ ಹುಳುವನ್ನು ಗಿಡವೇ ಕೊಲ್ಲುವಂತೆ ರೂಪಿಸಿದ ಹತ್ತಿ. ಭಾರತಕ್ಕೆ ಇದು ಹೈಬ್ರಿಡ್ ಬೀಜವಾಗಿ ಬಂತು. ಸೂರತ್‌ನ ಎಚ್-4 (1970), ಧಾರವಾಡದ ವರಲಕ್ಷ್ಮಿ (1972) ತಳಿಗಳ ಕಾಲದಿಂದಲೇ ರೈತರು ವರ್ಷವರ್ಷ ಬೀಜ ಕೊಳ್ಳತೊಡಗಿದ್ದರು. ಬಿಟಿ ಆ ಖರ್ಚನ್ನು ಏರಿಸಿತು.

1998ರ ನವೆಂಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿಯಿಟ್ಟಿತು. ಆದರೂ 2002ರ ಮಾರ್ಚಿನಲ್ಲಿ ಕೇಂದ್ರದ ಅನುಮತಿ ದೊರೆಯಿತು. ಕರ್ನಾಟಕ, ತಮಿಳುನಾಡುಗಳೂ ಅದರ ವ್ಯಾಪ್ತಿಯಲ್ಲಿದ್ದವು. 450 ಗ್ರಾಂ ಪ್ಯಾಕೆಟ್‌ಗೆ ಮೊದಲು 1,600 ರೂಪಾಯಿಯಷ್ಟಿದ್ದ ಬೆಲೆ, ಆಂಧ್ರಪ್ರದೇಶ ಸರ್ಕಾರ ಹೂಡಿದ ಹೋರಾಟದ ಬಳಿಕ 2006ರಲ್ಲಿ 750ಕ್ಕೆ ಇಳಿಯಿತು.

ಆದಾಯ ಹೆಚ್ಚಿತೇ? ಕರ್ನಾಟಕ, ತಮಿಳುನಾಡುಗಳನ್ನೊಳಗೊಂಡು ನಾಲ್ಕು ರಾಜ್ಯಗಳ ಕುಟುಂಬಗಳನ್ನು 2002ರಿಂದ 2008ರವರೆಗೆ ಗಮನಿಸಿದ ಸಂಶೋಧಕರಾದ ಕಾಥಾಗೆ ಮತ್ತು ಕೈಮ್ ಎಕರೆ ಇಳುವರಿ ಶೇ. 24, ಲಾಭ ಶೇ. 50ರಷ್ಟು ಏರಿದ್ದನ್ನು ಕಂಡರು. ಈ ಏರಿಕೆ ನಿಜ, ಅದನ್ನು ಅಲ್ಲಗಳೆಯಲಾಗದು. ಆದರೆ ಗುಲಾಬಿ ಕಾಯಿಕೊರಕ ನಿರೋಧ ಬೆಳೆಸಿಕೊಂಡಿತು, ರಸ ಹೀರುವ ಕೀಟಗಳು ಹೆಚ್ಚಿದವು. 2020ರಲ್ಲಿ ಸಂಶೋಧಕರಾದ ಕ್ರಾಂತಿ ಮತ್ತು ಸ್ಟೋನ್ ತೋರಿಸಿದಂತೆ, ಕೀಟನಾಶಕದ ಖರ್ಚು ಬಿಟಿಗೂ ಹಿಂದಿನ ಮಟ್ಟವನ್ನು ದಾಟಿತ್ತು. ಮಳೆಯನ್ನೇ ನಂಬಿದ ಎರೆ ಹೊಲದವನಿಗೆ ಲಾಗೋಡಿ (ಬೇಸಾಯದ ಖರ್ಚು) ಹೆಚ್ಚಿದರೆ ಸಾಲವೂ ಹೆಚ್ಚುತ್ತದೆ.

ಬೀಜ ತಯಾರಾಗುವ ಹೊಲಗಳ ಬಡತನವನ್ನು ಈ ಲೆಕ್ಕಗಳು ಅಷ್ಟಾಗಿ ಮುಟ್ಟುವುದಿಲ್ಲ. ತಮಿಳುನಾಡಿನ ಸೇಲಂ, ಪಕ್ಕದ ಧರ್ಮಪುರಿ ಜಿಲ್ಲೆಗಳು ಹೈಬ್ರಿಡ್ ಹತ್ತಿ ಬೀಜೋತ್ಪಾದನೆಯ ನೆಲ. ಕ್ರಾಸಿಂಗ್, ಅಂದರೆ ಎರಡು ತಳಿಗಳನ್ನು ಬೆರೆಸುವುದು, ಪೂರಾ ಕೈಕೆಲಸ: ಸಂಜೆ ಮೊಗ್ಗಿನ ಎಸಳು, ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗವನ್ನು ಒಂದೊಂದಕ್ಕೂ ಸವರಬೇಕು. ಬೀಜ ಕಂಪನಿ ಖರೀದಿ ದರ ಕಟ್ಟುತ್ತದೆ, ಕಂಪನಿಗೂ ರೈತರಿಗೂ ನಡುವಿನ ಆರ್ಗನೈಸರ್ ಮುಂಗಡ ಕೊಡುತ್ತಾನೆ. ಆ ದರದೊಳಗೆ ಉಳಿಸಬಹುದಾದ್ದು ಕೂಲಿಯೊಂದೇ. ಹಾಗಾಗಿ ಹೆಂಗಸರೂ ಹೆಣ್ಣುಮಕ್ಕಳೂ ಕಡಿಮೆ ಕೂಲಿಗೆ ದುಡಿಯುತ್ತಾರೆ. ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಅವರ 2015ರ ವರದಿಯ ಅಂದಾಜಿನಂತೆ ದೇಶದ ಹತ್ತಿ ಬೀಜದ ಹೊಲಗಳಲ್ಲಿ ಐದು ಲಕ್ಷದ ಹತ್ತಿರ ಮಕ್ಕಳು ದುಡಿಯುತ್ತಿದ್ದರು. ಅವರಲ್ಲಿ ಸುಮಾರು 2 ಲಕ್ಷ ಮಕ್ಕಳಿಗೆ 14 ತುಂಬಿರಲಿಲ್ಲ. ಮರುವರ್ಷ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ, ಶಾಲೆಯ ಸಮಯ ಬಿಟ್ಟು ಮನೆಯ ಉದ್ಯಮದಲ್ಲಿ ಮಕ್ಕಳು ನೆರವಾಗಲು ಅವಕಾಶ ಕೊಟ್ಟಿತು. ಸ್ವಂತ ಹೊಲದಲ್ಲಿ ಕಂಪನಿಗಾಗಿ ಬೀಜ ಬೆಳೆಯುವ ಮನೆಗಳಲ್ಲಿ ಈ ದುಡಿಮೆಯನ್ನು ಗುರುತಿಸುವುದು ಇನ್ನಷ್ಟು ಕಷ್ಟವಾಯಿತು.