ಮೆಡುಲ್ಲೊಬ್ಲಾಸ್ಟೋಮ

ಕಿರುಮಿದುಳಿನಲ್ಲಿ ಹುಟ್ಟಿ ವೇಗವಾಗಿ ಬೆಳೆಯುವ ಕ್ಯಾನ್ಸರ್ ಗಡ್ಡೆ. ಮಕ್ಕಳ ಮಿದುಳಿನ ಮಾರಕ ಗಡ್ಡೆಗಳಲ್ಲಿ ಪ್ರಮುಖವಾದುದು. ಹೆಚ್ಚಾಗಿ 10 ವರ್ಷದೊಳಗಿನವರಲ್ಲಿ, ಹುಡುಗಿಯರಿಗಿಂತ ಹುಡುಗರಲ್ಲಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಹಾರ್ವೆ ಕುಶಿಂಗ್ ಮತ್ತು ಪರ್ಸಿವಲ್ ಬೈಲಿ 1925ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು.

ಭ್ರೂಣದಲ್ಲಿ ಕಿರುಮಿದುಳನ್ನು ಕಟ್ಟುವ ಎಳೆಯ ಕೋಶಗಳು ಪಕ್ವವಾಗದೆ ವಿಭಜನೆಗೊಳ್ಳುತ್ತಲೇ ಹೋಗುವುದು ಈ ಗಡ್ಡೆಯ ಮೂಲ. ಗಾರ್ಲಿನ್ ಸಿಂಡ್ರೋಮಿನಂಥ ಆನುವಂಶಿಕ ದೋಷ ಕೆಲವೇ ಮಕ್ಕಳಲ್ಲಿರುತ್ತದೆ. ಉಳಿದವರಲ್ಲಿ ಆಹಾರವನ್ನಾಗಲಿ, ತಲೆಗೆ ಬಿದ್ದ ಪೆಟ್ಟನ್ನಾಗಲಿ, ಹೆತ್ತವರನ್ನಾಗಲಿ ದೂರಲು ಆಧಾರವಿಲ್ಲ.

ಗಡ್ಡೆ ನಾಲ್ಕನೆಯ ಕುಹರವನ್ನು ಒತ್ತಿದಾಗ ಮಿದುಳಿನ ದ್ರವದ ಹರಿವಿಗೆ ತಡೆಯಾಗಿ ತಲೆಯೊಳಗಿನ ಒತ್ತಡ ಏರುತ್ತದೆ. ಬೆಳಗ್ಗೆ ಎದ್ದೊಡನೆ ತಲೆನೋವು, ವಾಂತಿ. ವಾಂತಿಯಾದ ಮೇಲೆ ತುಸು ನಿರಾಳ. ಹೊಟ್ಟೆಯ ತೊಂದರೆಯೆಂದು ವಾರಗಟ್ಟಲೆ ಔಷಧ ಕೊಡುವುದು ಇಲ್ಲಿಯೇ. ನಡಿಗೆ ತೂರಾಡುವುದು, ವಸ್ತುಗಳು ಎರಡೆರಡಾಗಿ ಕಾಣುವುದು ಶುರುವಾದರೆ ತೊಂದರೆ ಮಿದುಳಿನದೆಂಬ ಸಂಶಯ ಬಲವಾಗುತ್ತದೆ. ನೆತ್ತಿ ಕೂಡದ ಶಿಶುಗಳಲ್ಲಿ ತಲೆಯೇ ದೊಡ್ಡದಾಗುತ್ತದೆ. ಗಡ್ಡೆಯ ಕೋಶಗಳು ಅದೇ ದ್ರವದಲ್ಲಿ ಬೆನ್ನುಹುರಿಗೂ ಇಳಿಯಬಲ್ಲವಾದ್ದರಿಂದ ಮಿದುಳಿನ ಜೊತೆಗೆ ಬೆನ್ನಿನ ಎಂಆರ್‌ಐ ಕೂಡ ಅಗತ್ಯ.

ಶಸ್ತ್ರಚಿಕಿತ್ಸೆಯಷ್ಟರಿಂದಲೇ ರೋಗ ವಾಸಿಯಾಗದು. ಇಡೀ ಮಿದುಳು ಮತ್ತು ಬೆನ್ನುಹುರಿಗೆ ವಿಕಿರಣ ಕೊಟ್ಟರೆ ಮಕ್ಕಳು ಬದುಕುತ್ತಾರೆಂದು ಮ್ಯಾಂಚೆಸ್ಟರಿನ ಎಡಿತ್ ಪ್ಯಾಟರ್ಸನ್ 1953ರಲ್ಲಿ ಪ್ರಕಟಿಸಿದ ಕೆಲಸ ತೋರಿಸಿತು. ಆದರೆ ಬೆಳೆಯುವ ಮಿದುಳು ಅದಕ್ಕೆ ಬೆಲೆ ತೆರುತ್ತದೆ: ಕಲಿಕೆ ನಿಧಾನವಾಗುತ್ತದೆ, ಎತ್ತರ ಕುಂಠಿತವಾಗುತ್ತದೆ, ಹಾರ್ಮೋನುಗಳ ಕೊರತೆಯಾಗುತ್ತದೆ. ಆದ್ದರಿಂದ 3 ವರ್ಷದೊಳಗಿನವರಿಗೆ ಸಾಧ್ಯವಾದಷ್ಟೂ ವಿಕಿರಣ ತಪ್ಪಿಸಿ ಕೀಮೋಥೆರಪಿಯನ್ನು ನೆಚ್ಚುತ್ತಾರೆ. ದೊಡ್ಡ ಮಕ್ಕಳಲ್ಲೂ ಕೀಮೋಥೆರಪಿ ಜೊತೆಗೂಡಿದ ಮೇಲೆ, ಸಾಮಾನ್ಯ ಅಪಾಯದವರಿಗೆ ಮಿದುಳು-ಬೆನ್ನುಹುರಿಯ ವಿಕಿರಣ 36 ಗ್ರೇಯಿಂದ (ಗ್ರೇ ವಿಕಿರಣದ ಅಳತೆಯ ಮಾನ) 23.4 ಗ್ರೇಗೆ ಇಳಿಯಿತು. ಗಡ್ಡೆಯಿದ್ದ ಜಾಗಕ್ಕೆ ಮಾತ್ರ ಸುಮಾರು 54 ಗ್ರೇ ಮುಟ್ಟಿಸುತ್ತಾರೆ.

ಸೂಕ್ಷ್ಮದರ್ಶಕದಲ್ಲಿ ಬಹುಮಟ್ಟಿಗೆ ಒಂದೇ ರೋಗವಾಗಿ ಕಂಡದ್ದು ಜೀನ್‌ಗಳ ಪರೀಕ್ಷೆಯಲ್ಲಿ ನಾಲ್ಕಾಗಿ ಒಡೆಯಿತು: ಡಬ್ಲ್ಯುಎನ್‌ಟಿ, ಎಸ್‌ಎಚ್‌ಎಚ್, ಗುಂಪು 3, ಗುಂಪು 4. 2012ರಲ್ಲಿ ಪ್ರಕಟವಾದ ಈ ಒಮ್ಮತದ ವರ್ಗೀಕರಣ ಚಿಕಿತ್ಸಕರ ಲೆಕ್ಕಾಚಾರವನ್ನೇ ಬದಲಿಸಿತು. ಡಬ್ಲ್ಯುಎನ್‌ಟಿ ಗುಂಪಿನ ಮಕ್ಕಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ಗುಂಪು 3ರ ಪಾಡು ಎಲ್ಲಕ್ಕಿಂತ ಕಷ್ಟದ್ದು. ಹಾಗಿದ್ದರೆ ಡಬ್ಲ್ಯುಎನ್‌ಟಿ ಗುಂಪಿಗೆ ಇನ್ನಷ್ಟು ಕಡಿಮೆ ವಿಕಿರಣ ಸಾಕೆ? ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಅಂಥ ಕೆಲವರಿಗೆ ಗಡ್ಡೆಯಿದ್ದ ಜಾಗಕ್ಕಷ್ಟೇ ವಿಕಿರಣ ಕೊಟ್ಟು ನೋಡಿತು. ವಿಕಿರಣ ತಪ್ಪಿಸಿದ್ದ ಭಾಗಗಳಲ್ಲಿ ರೋಗ ಮರುಕಳಿಸಿದ್ದರಿಂದ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು.