ಇಂಗ್ಲಿಷ್ ವ್ಯಾಕರಣದ ಕಟ್ಟಳೆಗಳು: ಹುಟ್ಟು ಮತ್ತು ಹಣೆಬರಹ

ನಮ್ಮ ನಾಡಿನಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಿಗೆಲ್ಲ ಬಾಯಿಪಾಠವಾಗಿರುವ ಕೆಲವು ಕಟ್ಟಳೆಗಳುಂಟು. ಕರ್ತೃಪದ ಪ್ರಥಮಪುರುಷ ಏಕವಚನವಾದರೆ ವರ್ತಮಾನದ ಕ್ರಿಯಾಪದಕ್ಕೆ ‘ಎಸ್’ ಹತ್ತಬೇಕು; ಎದುರಿಗಿರುವವನು ಒಬ್ಬನೇ ಆದರೂ ‘ಯೂ ಆರ್’ ಎನ್ನಬೇಕು; ‘ಎವ್ರಿಬಡಿ’ ಎಂದರೆ ಊರಿಗೆ ಊರೇ ಬಂದರೂ ಅದು ಏಕವಚನ; ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬರಕೂಡದು; ವಾಕ್ಯದ ತುದಿಯಲ್ಲಿ ಪ್ರೆಪೊಸಿಷನ್ ನಿಲ್ಲಕೂಡದು. ಇವೆಲ್ಲವೂ ಒಂದೇ ಪುಸ್ತಕದಲ್ಲಿ, ಒಂದೇ ದಪ್ಪಕ್ಷರದಲ್ಲಿ, ಒಂದೇ ಗತ್ತಿನಿಂದ ನಮ್ಮೆದುರು ನಿಲ್ಲುತ್ತವೆ. ಹುಡುಗ ಯಾವುದನ್ನು ಮೀರಿದರೂ ಬೀಳುವುದು ಒಂದೇ ಬಣ್ಣದ ಕೆಂಪು ಗೆರೆ. ಈ ಕಟ್ಟಳೆಗಳನ್ನು ಮಾಡಿದವರು ಯಾರು, ಎಂದು, ಯಾತಕ್ಕಾಗಿ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷಿನ ಸಾಧುಶಬ್ದ ಯಾವುದು, ಅಸಾಧು ಯಾವುದು ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ವಿಭಕ್ತಿ, ವಚನ, ಅನ್ವಯ ಇವು ನನ್ನ ದಿನನಿತ್ಯದ ಕಸುಬು. ಆ ಕಸುಬಿನ ಕಣ್ಣಿನಿಂದ ಈ ಕಟ್ಟಳೆಗಳ ವಂಶಾವಳಿಯನ್ನು ನೋಡಿದರೆ, ಅವುಗಳಲ್ಲಿ ಕೆಲವು ಭಾಷೆಯ ಹುಟ್ಟುಗುಣ, ಕೆಲವು ಪಂಡಿತರ ಕೈಗೆಲಸ, ಇನ್ನು ಕೆಲವು ಸಮಾಜದ ಜಗಳಗಳು ಬಿಟ್ಟುಹೋದ ಗಾಯದ ಗುರುತುಗಳು ಎಂಬುದು ತಿಳಿದುಬರುತ್ತದೆ.

ಮೊದಲು ಪ್ರೆಪೊಸಿಷನ್ನಿನ ಮಾತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷನ್ನು ಕನ್ನಡಿಗನೊಬ್ಬ ಕಂಡಿದ್ದರೆ ಅವನಿಗೆ ಅಷ್ಟೇನೂ ಪರಕೀಯವಾಗಿ ತೋರುತ್ತಿರಲಿಲ್ಲ. ಆಗ ಆ ಭಾಷೆಗೂ ವಿಭಕ್ತಿಪ್ರತ್ಯಯಗಳಿದ್ದುವು. ಕಲ್ಲು ಎಂಬರ್ಥದ ಶಬ್ದ ಕರ್ತೃವಾದಾಗ ಒಂದು ರೂಪ, ‘ಕಲ್ಲಿನ’ ಎನ್ನುವಾಗ ಇನ್ನೊಂದು, ‘ಕಲ್ಲಿಗೆ’ ಎನ್ನುವಾಗ ಮತ್ತೊಂದು. ಮುಂದೆ ಸ್ಕ್ಯಾಂಡಿನೇವಿಯದಿಂದ ಬಂದು ನೆಲಸಿದವರ ಒಡನಾಟವಾಯಿತು. 1066ರಲ್ಲಿ ನಾರ್ಮನ್ನರು ಬಂದು ಆಸ್ಥಾನದಲ್ಲಿ ಫ್ರೆಂಚನ್ನು ಕೂರಿಸಿದರು. ಇಂಗ್ಲಿಷು ಹೊಲಮನೆಗಳ ಭಾಷೆಯಾಗಿ ಉಳಿಯಿತು. ಪದಗಳ ತುದಿಯ ಸ್ವರಗಳು ಆ ಮೊದಲೇ ಸವೆಯತೊಡಗಿದ್ದುವು. ಈ ಅವಧಿಯಲ್ಲಿ ಪ್ರತ್ಯಯಗಳು ಹೆಚ್ಚುಕಡಿಮೆ ಅಳಿದೇಹೋದುವು. ಇಂದು ನಾಮಪದದಲ್ಲಿ ಉಳಿದಿರುವುದು ಬಹುವಚನದ ಗುರುತು ಮತ್ತು ಷಷ್ಠಿಯ ಒಂದು ಚೂರು, ಅಷ್ಟೆ.

ಪ್ರತ್ಯಯ ಹೋದ ಮೇಲೆ ಅದರ ಕೆಲಸವನ್ನು ಯಾರಾದರೂ ಮಾಡಬೇಕಲ್ಲ? ಮೊದಲು ಸಹಾಯಕರಂತಿದ್ದ ‘ಆಫ್’, ‘ಟು’, ‘ಬೈ’, ‘ವಿತ್’ ಮುಂತಾದ ಪುಟ್ಟ ಪದಗಳು ಯಜಮಾನಿಕೆ ವಹಿಸಿಕೊಂಡುವು. ಒಂದೊಂದು ಪದ ಹತ್ತಾರು ಅರ್ಥಗಳ ಹೊರೆ ಹೊತ್ತಿತು. ಮನೆಯಲ್ಲಿದ್ದರೂ ಬಸ್ಸಿನಲ್ಲಿದ್ದರೂ ಪೆಟ್ಟಿಗೆಯಲ್ಲಿದ್ದರೂ ನಮಗೆ ‘ಅಲ್ಲಿ’ ಪ್ರತ್ಯಯವೊಂದೇ ಸಾಕು. ಅವರಿಗೆ ಮನೆಯಾದರೆ ‘ಆಟ್’, ಬಸ್ಸಾದರೆ ‘ಆನ್’, ಪೆಟ್ಟಿಗೆಯಾದರೆ ‘ಇನ್’. ಇದಕ್ಕೆ ತರ್ಕವಿಲ್ಲವೆಂದಲ್ಲ, ಆದರೆ ಆ ತರ್ಕ ರೂಢಿಯ ತರ್ಕ, ಸೂತ್ರದ್ದಲ್ಲ. ನಮ್ಮ ಹುಡುಗರು ಇಲ್ಲಿ ಎಡವುವುದು ದಡ್ಡತನದಿಂದಲ್ಲ. ಒಂದು ಮನೆಯ ಬೀಗಕ್ಕೆ ಇನ್ನೊಂದು ಮನೆಯ ಕೀಲಿಯನ್ನು ಹಾಕಿ ನೋಡುವುದರಿಂದ.

ವಾಕ್ಯದ ತುದಿಯ ಪ್ರೆಪೊಸಿಷನ್ನಿನ ಕಥೆ ಬೇರೆ. ಸಂಬಂಧವಾಚಕವನ್ನು ಮುಂದಿಟ್ಟು ಪ್ರೆಪೊಸಿಷನ್ನನ್ನು ಕೊನೆಗೆ ಬಿಡುವುದು ಇಂಗ್ಲಿಷಿನಲ್ಲಿ ಬಹು ಹಿಂದಿನಿಂದ ನಡೆದುಬಂದ ದಾರಿ. 1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ದೋಷಗಳನ್ನು ಎಣಿಸುತ್ತ, ಇದನ್ನೂ ಒಂದು ದೋಷವೆಂದು ಬರೆದ. ತನ್ನ ಬರಹದಲ್ಲಿಯೂ ಅದು ನುಸುಳಿದೆಯೆಂದು ಹೇಳಿಕೊಂಡ. 1668ರಲ್ಲಿ ಅಚ್ಚಾಗಿದ್ದ ತನ್ನ ನಾಟಕಕಾವ್ಯದ ಪ್ರಬಂಧವನ್ನು 1684ರಲ್ಲಿ ಮರುಮುದ್ರಿಸಿದಾಗ, ತುದಿಯಲ್ಲಿದ್ದ ಪ್ರೆಪೊಸಿಷನ್ನುಗಳನ್ನು ಹುಡುಕಿ ಹುಡುಕಿ ಒಳಕ್ಕೆ ತಳ್ಳಿದ. ಕಾರಣವೇನೆಂದು ಅವನು ವಿವರಿಸಲಿಲ್ಲ, ಊಹಿಸುವುದು ಕಷ್ಟವಲ್ಲ. ತನ್ನ ಇಂಗ್ಲಿಷ್ ವಾಕ್ಯ ಸರಿಯೋ ತಪ್ಪೋ ಎಂದು ಸಂದೇಹ ಬಂದಾಗ ಅದನ್ನು ಲ್ಯಾಟಿನ್ನಿಗೆ ತಿರುಗಿಸಿ ನೋಡುತ್ತಿದ್ದೆನೆಂದು ಅವನೇ ಬೇರೆಡೆ ಹೇಳಿದ್ದಾನೆ. ಲ್ಯಾಟಿನ್ನಿನಲ್ಲಿ ಪ್ರೆಪೊಸಿಷನ್ ಸಾಮಾನ್ಯವಾಗಿ ತನ್ನ ನಾಮಪದದ ಬೆನ್ನು ಬಿಟ್ಟು ಹೋಗಲಾರದು. ಸಂಸ್ಕೃತದ ಅಳತೆಗೋಲಿನಿಂದ ಕನ್ನಡವನ್ನು ಅಳೆದ ನಮ್ಮ ಹಿರಿಯರ ನೆನಪು ಇಲ್ಲಿ ಬಾರದಿರದು.

ಡ್ರೈಡನ್ನನ ಅಭಿರುಚಿಯನ್ನು ಶಾಲೆಯ ಪುಸ್ತಕಕ್ಕೆ ಹತ್ತಿರ ತಂದವರು ಹದಿನೆಂಟನೆಯ ಶತಮಾನದವರು. 1762ರಲ್ಲಿ ರಾಬರ್ಟ್ ಲೌತ್ ಒಂದು ಸಣ್ಣ ವ್ಯಾಕರಣವನ್ನು ಪ್ರಕಟಿಸಿದ. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದು ಮುಂದೆ ಲಂಡನ್ನಿನ ಬಿಷಪ್ ಆದ ವಿದ್ವಾಂಸ ಈತ. ತುದಿಯ ಪ್ರೆಪೊಸಿಷನ್ ಮಾತುಕತೆಗೆ ಒಗ್ಗುತ್ತದೆ, ಗಂಭೀರ ಶೈಲಿಗೆ ಅದನ್ನು ಮುಂದಿಡುವುದೇ ಚೆಂದ ಎಂದಷ್ಟೇ ಅವನ ಅಭಿಪ್ರಾಯ. ಅದನ್ನು ಹೇಳುವ ವಾಕ್ಯವನ್ನೇ ಆತ ‘ಟು’ ಎಂಬ ಪ್ರೆಪೊಸಿಷನ್ನಿನಿಂದ ಮುಗಿಸಿದ್ದಾನೆ. ಅದು ಅರಿತು ಮಾಡಿದ ವಿನೋದವಿದ್ದೀತು. 1795ರಲ್ಲಿ ಲಿಂಡ್ಲಿ ಮರ್ರೆ ಯಾರ್ಕ್ ನಗರದ ಒಂದು ಹೆಣ್ಣುಮಕ್ಕಳ ಶಾಲೆಗಾಗಿ ತನ್ನ ವ್ಯಾಕರಣವನ್ನು ಬರೆದಾಗ ಲೌತನ ಮಾತನ್ನು ಹಾಗೆಯೇ ಎತ್ತಿಕೊಂಡ. ಆದರೆ ಆ ‘ಟು’ವನ್ನು ವಾಕ್ಯದೊಳಕ್ಕೆ ಎಳೆದು ತಿದ್ದಿದ! ಒಬ್ಬನ ಅಭಿರುಚಿ ಇನ್ನೊಬ್ಬನಲ್ಲಿ ಸಲಹೆಯಾಗಿ, ಮೂರನೆಯವನಲ್ಲಿ ಕಟ್ಟಳೆಯಾಗುವುದು ಹೀಗೆ. ಮರ್ರೆಯ ಪುಸ್ತಕ ಇಂಗ್ಲೆಂಡು ಅಮೆರಿಕಗಳೆರಡರಲ್ಲೂ ಲಕ್ಷಗಟ್ಟಲೆ ಮಾರಾಟವಾಯಿತು. 1926ರಲ್ಲಿ ಫೌಲರ್ ತನ್ನ ಪ್ರಸಿದ್ಧ ಪ್ರಯೋಗಕೋಶದಲ್ಲಿ ಈ ಕಟ್ಟಳೆಯನ್ನು ಮೂಢನಂಬಿಕೆಯೆಂದು ಜರೆದ ಮೇಲೂ ಅದು ತರಗತಿಗಳಲ್ಲಿ ಬಹುಕಾಲ ಬದುಕಿಕೊಂಡಿತು.

ಇನ್ನು ಅನ್ವಯದ ವಿಚಾರ. ‘ಯೂ’ ಒಬ್ಬನೇ ಆದರೂ ‘ಆರ್’ ಏಕೆ ಎಂಬ ಪ್ರಶ್ನೆಗೆ ಇಂಗ್ಲಿಷ್ ಮಗುವಿಗಿಂತ ಕನ್ನಡದ ಮಗು ಬೇಗ ಉತ್ತರ ಹೇಳಬಲ್ಲದು. ಮೇಷ್ಟರು ಒಬ್ಬರೇ ಬಂದರೂ ನಾವು ‘ನೀವು ಬಂದಿರಿ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿಯೂ ‘ದೌ’ ಎಂದರೆ ನೀನು, ‘ಯೂ’ ಎಂದರೆ ನೀವು. ಹದಿಮೂರನೆಯ ಶತಮಾನದಿಂದ ಫ್ರೆಂಚಿನ ಮೇಲ್ಪಂಕ್ತಿಯಲ್ಲಿ ದೊಡ್ಡವರಿಗೆ ‘ಯೂ’ ಸಲ್ಲತೊಡಗಿತು; ಬರಬರುತ್ತ ಎಲ್ಲರೂ ದೊಡ್ಡವರಾಗಬಯಸಿದ್ದರಿಂದ ‘ದೌ’ ಮೂಲೆಗೆ ಸರಿಯಿತು. ಸರ್ವನಾಮದೊಡನೆ ಬಹುವಚನದ ಕ್ರಿಯಾಪದವೂ ಬಂತು. ಶಾಲೆಯ ಪುಸ್ತಕದಲ್ಲಿ ಅಪವಾದದಂತೆ ಕಾಣುವುದು ನಿಜವಾಗಿ ಗೌರವದ ಬಹುವಚನದ ಪಳೆಯುಳಿಕೆ.

ಈ ಬಹುವಚನಕ್ಕಾಗಿ ಜನ ಪೆಟ್ಟು ತಿಂದದ್ದುಂಟು. ಹದಿನೇಳನೆಯ ಶತಮಾನದ ನಡುವಿನಲ್ಲಿ ಜಾರ್ಜ್ ಫಾಕ್ಸ್ ಹುಟ್ಟುಹಾಕಿದ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರಾದ ಮೇಲೆ ಒಬ್ಬ ಮನುಷ್ಯನನ್ನು ಬಹುವಚನದಲ್ಲಿ ಕರೆಯುವುದು ಸುಳ್ಳೂ ಹೌದು, ಮುಖಸ್ತುತಿಯೂ ಹೌದು ಎಂದು ಸಾರಿ, ನ್ಯಾಯಾಧೀಶನನ್ನೂ ಜಮೀನುದಾರನನ್ನೂ ‘ನೀನು’ ಎಂದೇ ಮಾತನಾಡಿಸಿದರು. ಇದಕ್ಕಾಗಿ ಬೈಗುಳ, ಹೊಡೆತ ಅನುಭವಿಸಿದರು. 1660ರಲ್ಲಿ ಫಾಕ್ಸ್ ತನ್ನ ಸಂಗಡಿಗರೊಡನೆ ಒಂದು ಪುಸ್ತಕವನ್ನೇ ಹೊರತಂದು, ಏಕವಚನ ಬೇರೆ, ಬಹುವಚನ ಬೇರೆ ಎಂಬುದನ್ನು ಹಲವು ಭಾಷೆಗಳ ಉದಾಹರಣೆ ಕೊಟ್ಟು ಸಾಧಿಸಹೊರಟ. ವ್ಯಾಕರಣ ಅವನ ಕಡೆಗಿತ್ತು, ರೂಢಿ ಇರಲಿಲ್ಲ. ರೂಢಿಯೇ ಗೆದ್ದಿತು. ಮುಂದೆ ಮರ್ರೆಯ ವ್ಯಾಕರಣ ಅದೇ ರೂಢಿಯನ್ನು ಲಕ್ಷಾಂತರ ಮಕ್ಕಳಿಗೆ ಕಲಿಸಿತು. ಆ ಮರ್ರೆಯೂ ಕ್ವೇಕರನೇ ಎಂಬುದು ಚರಿತ್ರೆಯ ಒಂದು ಮುಗುಳ್ನಗೆ.

ಹದಿನೆಂಟನೆಯ ಶತಮಾನದಲ್ಲಿ ಸಾಮಾನ್ಯರು ಇನ್ನೊಂದು ಉಪಾಯ ಕಂಡುಕೊಂಡಿದ್ದರು. ಒಬ್ಬನಾದರೆ ‘ಯೂ ವಾಸ್’, ಹಲವರಾದರೆ ‘ಯೂ ವರ್’. ಎಷ್ಟು ಹಸನಾದ ಭೇದ! ಲೌತ್ ಅದನ್ನು ಘೋರ ಅಪಶಬ್ದವೆಂದು ಖಂಡಿಸಿದ. ಅಮೆರಿಕದ ಕೋಶಕಾರ ನೋವಾ ವೆಬ್‌ಸ್ಟರ್ ಅದರ ಪರವಾಗಿ ವಾದಿಸಿದ. ಲೌತನೇ ಗೆದ್ದ. ಆ ಭೇದ ಶಿಷ್ಟಭಾಷೆಯಿಂದ ಹೊರಬಿತ್ತು.

‘ಎವ್ರಿಬಡಿ’ಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಅದಕ್ಕೆ ಹೊಂದುವ ಸರ್ವನಾಮ ಯಾವುದು? ಹದಿನಾಲ್ಕನೆಯ ಶತಮಾನದಿಂದಲೂ ಇಂಗ್ಲಿಷರು ಇಂಥ ಕಡೆ ‘ದೇ’ ಎನ್ನುತ್ತಿದ್ದರು. ಬಾಗಿಲ ಬಳಿ ಒಬ್ಬರೇ ನಿಂತಿದ್ದರೂ ‘ಯಾರೋ ಬಂದಿದ್ದಾರೆ’ ಎನ್ನುವ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಆದರೆ ವೈಯಾಕರಣರು ವಚನಭಂಗವಾಯಿತೆಂದು ಗೊಣಗಿ ‘ಹೀ’ ಎಂಬುದನ್ನು ವಿಧಿಸಿದರು. ವಚನ ಉಳಿಯಿತು, ಲಿಂಗ ಕೆಟ್ಟಿತು. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಬೇರೆಯಾಗಿ ಹೇಳಿದ ಹೊರತು ಶಾಸನಗಳಲ್ಲಿ ಪುಲ್ಲಿಂಗವಾಚಕಗಳು ಸ್ತ್ರೀಯರನ್ನೂ ಒಳಗೊಳ್ಳತಕ್ಕದ್ದು ಎಂದು ಕಾನೂನನ್ನೇ ಮಾಡಿತು.

ಇದನ್ನು ನಂಬಿ ಕೆಟ್ಟವರುಂಟು. 1867ರ ಮತದಾನದ ಶಾಸನದಲ್ಲಿ ‘ಮ್ಯಾನ್’ ಎಂಬ ಪದವಿತ್ತು. ಅದರ ಬದಲು ‘ಪರ್ಸನ್’ ಎಂದಿಡಬೇಕೆಂದು ಜಾನ್ ಸ್ಟುವರ್ಟ್ ಮಿಲ್ ತಂದ ತಿದ್ದುಪಡಿ ಬಿದ್ದುಹೋಯಿತು. ಹಾಗಾದರೂ ಪುಲ್ಲಿಂಗದಲ್ಲಿ ಸ್ತ್ರೀಯರೂ ಸೇರಿದ್ದಾರಲ್ಲ ಎಂದು ಮ್ಯಾಂಚೆಸ್ಟರಿನ 5,000ಕ್ಕೂ ಹೆಚ್ಚು ಮಂದಿ ಹೆಂಗಸರು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರಿಗಾಗಿ ಹಕ್ಕು ಸಾಧಿಸಿದರು. 1868ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತೆರಿಗೆ ಕೊಡುವಾಗ ಪುಲ್ಲಿಂಗದೊಳಗೆ ಅಡಗಿದ್ದ ಹೆಂಗಸು ಮತ ಹಾಕುವಾಗ ಅದರಿಂದ ಹೊರಗಾದಳು. ಆ ನಾಡಿನ ಸ್ತ್ರೀಯರಿಗೆ ಗಂಡಸರಿಗೆ ಸಮನಾದ ಮತದ ಹಕ್ಕು ದೊರೆತದ್ದು 1928ರಲ್ಲಿ. ಸರ್ವನಾಮದ ಅನ್ವಯ ಕೇವಲ ವ್ಯಾಕರಣದ ಮಾತೆನ್ನುವವರು ಈ ಮೊಕದ್ದಮೆಯನ್ನು ನೆನೆಯಬೇಕು.

ವಚನದ ಹಿಂದೆ ಒಂದು ದೇಶದ ಹಣೆಬರಹವೇ ಅಡಗಿರುವುದೂ ಉಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳು 1787ರಲ್ಲಿ ರಚಿತವಾದ ಆ ದೇಶದ ಸಂವಿಧಾನದಲ್ಲಿ ಬಹುವಚನ. ಗುಲಾಮಗಿರಿಯನ್ನು ತೊಡೆದುಹಾಕಿದ 1865ರ ತಿದ್ದುಪಡಿಯಲ್ಲಿಯೂ ಬಹುವಚನವೇ. ಅಂತರ್ಯುದ್ಧ ಮುಗಿದೊಡನೆ ‘ಆರ್’ ಹೋಗಿ ‘ಈಸ್’ ಬಂತೆಂದು ಹೇಳುವ ವಾಡಿಕೆಯಿದೆ. ಅದು ಪೂರ್ತಿ ನಿಜವಲ್ಲ. ಬಹುವಚನ ಆ ಶತಮಾನದ ಕೊನೆಯವರೆಗೂ ನ್ಯಾಯಾಲಯದ ತೀರ್ಪುಗಳಲ್ಲಿ ಕಾಣುತ್ತದೆ. ಯುದ್ಧ ನಾಲ್ಕು ವರ್ಷಗಳಲ್ಲಿ ತೀರಿಸಿದ ಪ್ರಶ್ನೆಯನ್ನು ವ್ಯಾಕರಣ ಒಪ್ಪಿಕೊಳ್ಳಲು ಇನ್ನೂ ಒಂದು ತಲೆಮಾರು ಹಿಡಿಯಿತು.

ಇಂಥ ನಾನಾ ಕುಲದ ಕಟ್ಟಳೆಗಳು ಒಂದೇ ಗಂಟಿನಲ್ಲಿ ಹಡಗು ಹತ್ತಿ ನಮ್ಮಲ್ಲಿಗೆ ಬಂದುವು. 1835ರಲ್ಲಿ ಮೆಕಾಲೆ ಇಂಗ್ಲಿಷ್ ವಿದ್ಯೆಯ ಪರವಾಗಿ ಬರೆದ. 1857ರಲ್ಲಿ ಮೂರು ವಿಶ್ವವಿದ್ಯಾನಿಲಯಗಳು ತೆರೆದುವು. ಪರೀಕ್ಷೆ ಬಂದ ಮೇಲೆ ಪರೀಕ್ಷೆಗೆ ತಕ್ಕ ವ್ಯಾಕರಣವೂ ಬರಲೇಬೇಕಲ್ಲ. ಉತ್ತರ ಭಾರತದ ವಿದ್ಯಾ ಇಲಾಖೆಯಲ್ಲಿದ್ದ ನೆಸ್‌ಫೀಲ್ಡನ ಪುಸ್ತಕಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹರಡಿದುವು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ನರ ಪುಸ್ತಕ ಬಂದು ಮನೆಮಾತಾಯಿತು. ಇವು ಉಪಕಾರ ಮಾಡಿಲ್ಲವೆಂದು ನಾನು ಹೇಳಲಾರೆ. ಪರಭಾಷೆಯನ್ನು ಕಿವಿಯಿಂದ ಕಲಿಯುವ ಅನುಕೂಲವಿಲ್ಲದ ಹಳ್ಳಿಯ ಹುಡುಗನಿಗೆ ಇವೇ ಊರುಗೋಲಾದುವು. ಆದರೆ ಈ ಪುಸ್ತಕಗಳ ಬಲದಿಂದ ಪಾಠ ಹೇಳಿದ ನಾವು, ರೂಢಿಯ ಕಟ್ಟಳೆಗೂ ಅಭಿರುಚಿಯ ಕಟ್ಟಳೆಗೂ ಭೇದವೆಣಿಸಲಿಲ್ಲ. ತವರಿನಲ್ಲಿ ಫೌಲರನಂಥವರು ಅಲ್ಲಗಳೆದದ್ದನ್ನೂ ಇಲ್ಲಿ ವೇದವಾಕ್ಯವೆಂದು ಕಾದುಕೊಂಡು ಬಂದೆವು.

ಇದರಿಂದ ಆದ ನಷ್ಟ ಅಂಕಗಳದ್ದಷ್ಟೇ ಅಲ್ಲ. ನನ್ನ ತರಗತಿಗೆ ಬರುವ ಎಷ್ಟೋ ಮಂದಿ ಹುಡುಗರು ಕನ್ನಡದಲ್ಲಿ ಚೊಕ್ಕವಾಗಿ ವಾದಿಸಬಲ್ಲವರು; ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಬೇಕಾದರೆ ಬೆವರುತ್ತಾರೆ. ತಪ್ಪಾದೀತೆಂಬ ಭಯ ಅವರ ಬಾಯಿ ಕಟ್ಟಿದೆ. ‘ಹೀ ಗೋ’ ಎಂದರೆ ಇಂಗ್ಲಿಷಿನ ಶಿಷ್ಟರೂಢಿ ಒಪ್ಪದು, ಅದನ್ನು ತಿದ್ದಲೇಬೇಕು. ‘ಡಿಸ್ಕಸ್ ಅಬೌಟ್’ ಎಂದಾಗ, ‘ಒಂದು ವಿಷಯವನ್ನು ಕುರಿತು ಚರ್ಚಿಸಿದೆವು’ ಎಂಬ ನಮ್ಮ ವಾಕ್ಯ ಹಿಂದಿನಿಂದ ತಳ್ಳುತ್ತಿದೆಯೆಂದು ತೋರಿಸಿಕೊಟ್ಟು ತಿದ್ದಬೇಕು. ವಾಕ್ಯದ ತುದಿಯಲ್ಲಿ ‘ಟು’ ಬಂದರೆ ಅದನ್ನು ಸುಮ್ಮನೆ ಬಿಟ್ಟುಬಿಡಬೇಕು. ಮೂರಕ್ಕೂ ಒಂದೇ ಶಿಕ್ಷೆ ವಿಧಿಸುವುದು ಅನ್ಯಾಯ.

ನಮ್ಮಲ್ಲಿ ಇದಕ್ಕೆ ಮೇಲ್ಪಂಕ್ತಿಯಿಲ್ಲದೆ ಇಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿದ ಮೇಲೆ ಪೂರ್ವಕವಿಗಳ ಪ್ರಯೋಗಗಳನ್ನು ಸಾಕ್ಷಿಗೆ ಕರೆಯುತ್ತಾನೆ. ಅವನು ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಕೆಲವೆಡೆ ಒತ್ತಿರಬಹುದು. ಆದರೆ ಸಾಕ್ಷಿಯಿಲ್ಲದೆ ಶಾಸನವಿಲ್ಲ ಎಂಬ ಶಿಸ್ತನ್ನು ಬಿಡಲಿಲ್ಲ. ಇಂಗ್ಲೆಂಡಿನಲ್ಲಿಯೂ ಲೌತನ ಪುಸ್ತಕಕ್ಕೆ ಒಂದು ವರ್ಷ ಮೊದಲು, 1761ರಲ್ಲಿ, ಜೋಸೆಫ್ ಪ್ರೀಸ್ಟ್ಲಿ ಭಾಷೆಗೆ ರೂಢಿಯೇ ಪ್ರಮಾಣವೆಂದು ವ್ಯಾಕರಣ ಬರೆದಿದ್ದ. ಮುಂದೆ ಆಮ್ಲಜನಕವನ್ನು ಬೇರ್ಪಡಿಸಿ ತೋರಿಸಿದ ವಿಜ್ಞಾನಿ ಅವನೇ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳುವ ಅಭ್ಯಾಸ ಅವನಿಗೆ ಎರಡು ಕಡೆಯೂ ಒದಗಿಬಂತು.

ಕೆಂಪು ಶಾಯಿಯ ಲೇಖನಿ ಹಿಡಿದವರು ಗೆರೆ ಎಳೆಯುವ ಮೊದಲು ಒಂದು ಕ್ಷಣ ತಡೆದು, ಈ ಕಟ್ಟಳೆಯ ಪರವಾಗಿ ಸಾಕ್ಷಿ ಹೇಳುವವರು ಯಾರು ಎಂದು ಕೇಳಿಕೊಂಡರೆ ಸಾಕು. ಸಾಕ್ಷಿ ಇದ್ದರೆ ಗೆರೆ ಬೀಳಲಿ. ಇಲ್ಲದಿದ್ದರೆ ಹುಡುಗನ ವಾಕ್ಯ ಅವನಿಟ್ಟಂತೆಯೇ ಇರಲಿ.