ಚೇಂದಮಂಗಲದ ಯಹೂದ್ಯರು: ಶಾಸನ ಮತ್ತು ಹಾಡು

ಕೇರಳದ ಎರ್ನಾಕುಳಂ ಜಿಲ್ಲೆಯ ಚೇಂದಮಂಗಲವು ಕೊಚ್ಚಿ ರಾಜ್ಯದ ಮಂತ್ರಿಮನೆತನವಾದ ಪಾಲಿಯಂನ ನೆಲೆ. ಇಲ್ಲಿನ ಯಹೂದ್ಯ ಪ್ರಾರ್ಥನಾ ಮಂದಿರದ ಎದುರಿಗೆ ಸಾರಾ ಎಂಬ ಸ್ತ್ರೀಯ ಗೋರಿಕಲ್ಲಿದೆ. ಕ್ರಿ.ಶ. 1269ರ ಈ ಹೀಬ್ರೂ ಶಾಸನವು ಭಾರತದಲ್ಲಿ ದೊರೆತವುಗಳಲ್ಲೇ ಅತ್ಯಂತ ಪ್ರಾಚೀನವೆಂದು ಪರಿಗಣಿತವಾಗಿದೆ. 1950ರ ದಶಕದಲ್ಲಿ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ತೆರಳಿದರು, ಮಂದಿರವೀಗ ವಸ್ತುಸಂಗ್ರಹಾಲಯ.

ಆದರೆ ಈ ಚರಿತ್ರೆಗೆ ಕಲ್ಲು, ಕಟ್ಟಡಗಳಷ್ಟೇ ಆಕರವಲ್ಲ. ಕೇರಳದ ಯಹೂದ್ಯರಿಗೆ ಪ್ರಾರ್ಥನೆಯ ಭಾಷೆ ಹೀಬ್ರೂ; ಮದುವೆ, ಹಬ್ಬಗಳಲ್ಲಿ ಹೆಂಗಸರು ಹಾಡುತ್ತಿದ್ದುದು ಮಲಯಾಳದಲ್ಲಿ. ಬೈಬಲಿನ ಕಥೆಗಳ ಜೊತೆಗೆ ಮಂದಿರಗಳನ್ನು ಕಟ್ಟಿದ ವೃತ್ತಾಂತವೂ ಆ ಹಾಡುಗಳಲ್ಲಿ ಬರುತ್ತದೆ. ಜಾನಪದವನ್ನು ಪೂರಕ ಸಾಮಗ್ರಿಯೆಂದು ಬದಿಗಿಡುವ ಇತಿಹಾಸಕಾರರು ಇದನ್ನು ಗಮನಿಸಬೇಕು. ಹೆಂಗಸರು ಈ ಹಾಡುಗಳನ್ನು ಬರೆದಿಟ್ಟ ಕೈಬರಹದ ಪುಸ್ತಕಗಳು ಅವರೊಡನೆಯೇ ಇಸ್ರೇಲಿಗೆ ಹೋದವು. ಸ್ಕರಿಯಾ ಸಕ್ಕರಿಯಾ ಮತ್ತು ಒಫಿರಾ ಗಮ್ಲಿಯೇಲ್ ಸಂಪಾದಿಸಿದ ಇವುಗಳ ಸಂಕಲನ 'ಕಾರ್ಕುಳಲಿ' 2005ರಲ್ಲಿ ಜೆರುಸಲೇಮಿನಿಂದ ಪ್ರಕಟವಾಯಿತು.